ಕೂಗಿಗೆ ಕದಲದ ಸಿಪಾಯಿ

ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತನಾಗುವ ದಿನದವರೆಗೆ ನಾನು ಡೈರಿ ಬರೆದಿದ್ದೇನೆ. ಮನಸ್ಸಿನಲ್ಲಿದ್ದದ್ದನ್ನು ತೋಡಿಕೊಳ್ಳುವ ಡೈರಿಯಲ್ಲ. ದಿನಾಂಕ, ಕಚೇರಿ ತಲುಪಿದ ಗಂಟೆ, ನೋಡಿದ ಅರ್ಜಿಗಳ ಲೆಕ್ಕ. ಸರಿ ಕಂಡದ್ದಕ್ಕೆ ನೀಲಿ ಪೆನ್ಸಿಲಿನ ರೈಟು, ತಿರಸ್ಕರಿಸಿದ್ದಕ್ಕೆ ಕೆಂಪು ಪೆನ್ಸಿಲಿನ ಇಂಟು. ನನ್ನ ಹೆಂಡತಿ ಶಾರದೆ ಈ ಡೈರಿಗಳನ್ನು 'ನಿಮ್ಮ ರೇಷನ್ ಕಾರ್ಡುಗಳು' ಎನ್ನುತ್ತಾಳೆ. 1969ರ ಡೈರಿಯ ಒಂದು ಪುಟದಲ್ಲಿ ಮಾತ್ರ ಕೆಂಪು ಇಂಟಿನ ಪಕ್ಕ ಹತ್ತೊಂಬತ್ತು ಸಣ್ಣ ಗೀಟುಗಳಿವೆ. ಇಂಥ ಕಚೇರಿಗಳಿಗೆ ಈಗ ಸೇರುವ ಹುಡುಗ ಹುಡುಗಿಯರು ನನ್ನಲ್ಲಿ ಬಡ್ತಿಯ ಬಗ್ಗೆ, ವರ್ಗಾವಣೆಯ ಬಗ್ಗೆ ಕೇಳುತ್ತಾರೆ. ಅವು ಆಗುವಾಗ ಆಗುತ್ತವೆ. ನನಗೆ ಹೇಳಬೇಕೆನಿಸುವುದು ಆ ಗೀಟುಗಳ ವಿಷಯ. ಆದರೆ ಅಲ್ಲಿಗೆ ಹೋಗುವ ಮೊದಲು ಕೆಲಸ ಎಂಥದ್ದೆಂದು ತಿಳಿಯಬೇಕು.

ಸೈನ್ಯ ಬಿಟ್ಟು ಬಂದವರಿಗೆ 'ಇವರು ಸೇವೆ ಮಾಡಿದ್ದು ನಿಜ' ಎಂಬ ಪತ್ರ ಕೊಡುವುದು ನಮ್ಮ ಕಚೇರಿಯ ಕೆಲಸ. ಆ ಪತ್ರವಿದ್ದರೆ ಮಿಲಿಟರಿ ಆಸ್ಪತ್ರೆಯ ಬಾಗಿಲು ತೆರೆಯುತ್ತದೆ. ಮಕ್ಕಳಿಗೆ, ಮೊಮ್ಮಕ್ಕಳಿಗೆ ಓದಿನಲ್ಲಿ ಒಂದೆರಡು ಮೀಸಲು ಸೀಟು ಸಿಗುತ್ತದೆ. ನಾನು ಕಾಸರಗೋಡಿನ ಕಡೆಯ ಕನ್ನಡಿಗ. ನಮ್ಮ ತಾಲೂಕು ಕೇರಳಕ್ಕೆ ಸೇರಿದ ಮೇಲೆ ಸರಕಾರಿ ಕೆಲಸ ಎಂದರೆ ರೈಲು ಹತ್ತಿ ತೆಂಕಕ್ಕೆ ಹೋಗುವುದು ಎಂದಾಯಿತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕೊಚ್ಚಿಗೆ ಬಂದೆ. ಕಲೂರಿನಲ್ಲಿ ಒಂದು ಕೋಣೆ, ಕೋಣೆಯಲ್ಲಿ ಒಂದು ಟ್ರಂಕು, ಟ್ರಂಕಿನಲ್ಲಿ ಎರಡು ಪೆನ್ಸಿಲು.

ಕೊಚ್ಚಿಯಲ್ಲಿ ನನ್ನ ಮೊದಲ ಮೇಲಧಿಕಾರಿ ಪೌಲೋಸ್ ಸಾರ್. ನೌಕಾಪಡೆಯಲ್ಲಿ ಇಂಜಿನ್ ಕೋಣೆಯಲ್ಲಿ ದುಡಿದು ಬಂದವರು. ಕಚೇರಿಯಲ್ಲೂ ಇಂಜಿನ್ನಿನ ಗದ್ದಲ ಮೀರಿ ಮಾತಾಡುವ ಅಭ್ಯಾಸ ಅವರಿಗೆ ಹೋಗಿರಲಿಲ್ಲ. ಮೊದಲ ವಾರ ಒಬ್ಬ ನಾವಿಕ ಬಂದಾಗ ನಾನು ಪುಸ್ತಕದಲ್ಲಿದ್ದ ಪ್ರಶ್ನೆಯನ್ನೇ ಕೇಳಿದೆ: "ನಿಮ್ಮ ಪಲ್ಟನ್ ಯಾವುದು?"

ಆತ ಒಂದು ಕ್ಷಣ ನನ್ನನ್ನು ನೋಡಿದ. "ನೀರಿನ ಮೇಲೆ ಪಲ್ಟನ್ ನಡೆಸೋದು ಕರ್ತಾವ್ ಯೇಸು ಒಬ್ಬನಿಂದಲೇ ಆಗೋದು ಸಾರೇ," ಎಂದ.

ಪೌಲೋಸ್ ಸಾರ್ ನಕ್ಕ ನಗೆಗೆ ಪಕ್ಕದ ಕೋಣೆಯವರು ಇಣುಕಿದರು. ಆಮೇಲೆ ಮಗನಂತೆ ಕೂರಿಸಿ ನನಗೆ ಹೇಳಿದರು. "ಮೋನೆ, ಸೈನಿಕನ ಹತ್ತಿರ ಊರು ಕೇಳಬೇಡ, ಮನೆ ಕೇಳು. ಭೂಸೈನ್ಯದವನ ಮನೆ ಅವನ ಪಲ್ಟನ್. ಅಲ್ಲಿ ಅವನ ಕಂಪನಿ, ಅವನ ಹವಾಲ್ದಾರ, ಅವನ ಅಡುಗೆಯವನು. ಎಲ್ಲರ ಹೆಸರೂ ಹೇಳ್ತಾನೆ. ನಾವಿಕನ ಮನೆ ಹಡಗು. ಹಡಗು ಬದಲಾದರೆ ಮನೆ ಬದಲಾಯಿತು. ವಾಯುಪಡೆಯವನ ಮನೆ ಅವನ ಕಸುಬು. ಎಲ್ಲಿದ್ದೆ ಅಂತ ಕೇಳಿದರೆ ಮರೆತಿರಬಹುದು, ಯಾವ ವಿಮಾನದ ಯಾವ ಭಾಗ ಬಿಚ್ಚಿ ಕೂಡಿಸ್ತಿದ್ದೆ ಅಂತ ಕೇಳು, ಊಟ ಬಿಟ್ಟು ಹೇಳ್ತಾನೆ."

ಮೂರು ಪಡೆಗಳ ರಚನೆಯ ಬಗ್ಗೆ ನಾನು ಆಮೇಲೆ ಓದಿದ ಯಾವ ಕೈಪಿಡಿಯೂ ಇದಕ್ಕಿಂತ ಚೆನ್ನಾಗಿ ಹೇಳಿಲ್ಲ. ಕೊಚ್ಚಿಯಲ್ಲಿದ್ದ ಐದು ವರ್ಷ ಈ ಮೂರು ಪ್ರಶ್ನೆಗಳಲ್ಲೇ ಕೆಲಸ ನಡೆಯಿತು. 1967ರಲ್ಲಿ ತಿರುವನಂತಪುರಕ್ಕೆ ವರ್ಗವಾಯಿತು. ಆಗ ನಾಲ್ಕನೆಯ ಬಗೆಯ ಸೈನಿಕರು ಎದುರಾದರು.

ಸ್ವಾತಂತ್ರ್ಯದ ಮೊದಲು ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳಿಗೆ ಅವುಗಳದ್ದೇ ಆದ ಸಣ್ಣ ಪಡೆಗಳಿದ್ದವು. ಸಂಸ್ಥಾನಗಳು ದೇಶದಲ್ಲಿ ಸೇರಿದಾಗ ಪಡೆಗಳೂ ಭಾರತದ ಸೈನ್ಯದಲ್ಲಿ ಸೇರಿದವು. ದೇಹ ಗಟ್ಟಿಯಿದ್ದವರು ಹೊಸ ಪಲ್ಟನ್‌ಗಳಿಗೆ ಹೋದರು. ಉಳಿದವರನ್ನು ಒಂದು ಕಾಗದ ಕೊಟ್ಟು ಮನೆಗೆ ಕಳಿಸಿದರು. ಆ ಕಾಗದ ಕೆಲವರ ಮನೆಯಲ್ಲಿ ಗೆದ್ದಲಿಗೆ ಹೋಯಿತು, ಕೆಲವರ ಮನೆಯಲ್ಲಿ ಮಳೆಗೆ ಹೋಯಿತು. ದಾಖಲೆಗಳ ಒಂದು ಪಾಲು ನಗರದ ಹಳೆಯ ಕಟ್ಟಡವೊಂದರಲ್ಲಿತ್ತು, ಇನ್ನೊಂದು ಪಾಲು ದೇಶದ ಬಡಗಣ ಭಾಗದ ಯಾವುದೋ ಕೇಂದ್ರಕ್ಕೆ ಹೋಗಿತ್ತು. ಅಲ್ಲಿಗೆ ಪತ್ರ ಬರೆದರೆ ಉತ್ತರ ಬರುವಷ್ಟರಲ್ಲಿ ಅರ್ಜಿದಾರನ ಮೊಮ್ಮಕ್ಕಳಿಗೂ ಮದುವೆಯಾಗುತ್ತಿತ್ತು. ಹಾಗಾಗಿ ಕಾಗದವಿಲ್ಲದವರನ್ನು ಕಚೇರಿಯಲ್ಲೇ ಪರೀಕ್ಷಿಸಿ, ಪ್ರತಿ ಶುಕ್ರವಾರ ಪಟ್ಟಿಯನ್ನು ಮೇಲಿನ ಕಚೇರಿಗೆ ಕಳಿಸುವ ಕ್ರಮವಿತ್ತು.

ಪರೀಕ್ಷೆ ಮಾಡುತ್ತಿದ್ದವರು ಸುಬೇದಾರ್ ನಾಣು ಪಿಳ್ಳೆ. ಅದೇ ಸಂಸ್ಥಾನದ ಪಡೆಯಲ್ಲಿ ಸಿಪಾಯಿಯಾಗಿ ಸೇರಿ, ಭಾರತದ ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಮೀಸೆಯ ಎರಡು ತುದಿಗಳೂ ಒಂದೇ ಅಳತೆ. ನಮ್ಮ ಕಡೆಯ ಬ್ರಾಹ್ಮಣರು ಹಿಂದಿನಿಂದಲೂ ತಿರುವಾಂಕೂರಿನ ದೇವಸ್ಥಾನಗಳಲ್ಲಿ ಪೂಜೆಗೆ ಹೋಗುತ್ತಿದ್ದರು. ಅಲ್ಲಿಯವರು ಅವರನ್ನು ಪೋಟ್ಟಿ ಎನ್ನುತ್ತಾರೆ. ನಾನು ಮೊದಲ ದಿನ ಎದುರು ನಿಂತಾಗ ಸುಬೇದಾರರು ಕೇಳಿದ್ದು, "ಪೋಟ್ಟಿಗೆ ದೇವಸ್ಥಾನ ಯಾವುದೂ ಖಾಲಿ ಸಿಗಲಿಲ್ಲವೋ?"

"ಮಂತ್ರ ಬಾಯಿಗೆ ಬರುವುದಿಲ್ಲ ಸಾರ್. ಲೆಕ್ಕ ಬರುತ್ತದೆ."

"ಹಾಗಾದರೆ ಕೂತುಕೋ. ಮಂತ್ರ ನಾನು ಹೇಳ್ತೇನೆ."

ಅವರ ಮಂತ್ರ ಹೀಗಿತ್ತು. ಅರ್ಜಿದಾರನನ್ನು ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸುವುದು. ತಾವು ಹಿಂದೆ ಹೋಗಿ, ಸದ್ದಿಲ್ಲದೆ ನಿಂತು, ಇದ್ದಕ್ಕಿದ್ದಂತೆ ಹಳೆಯ ಇಂಗ್ಲಿಷ್ ಆಜ್ಞೆಯನ್ನು ಕೂಗುವುದು: "ಅಟೆನ್‌ಷನ್!" ಸ್ವಾತಂತ್ರ್ಯದ ನಂತರ ಆಜ್ಞೆಗಳೆಲ್ಲ ಹಿಂದಿಗೆ ಬದಲಾದವು, 'ಸಾವಧಾನ್' ಬಂತು. ಹಾಗಾಗಿ ಇಂಗ್ಲಿಷಿಗೆ ಕಾಲು ಕೂಡಿದರೆ ಹಳೆಯ ಪಡೆಯವನು, ಹಿಂದಿಗೆ ಕೂಡಿದರೆ ಹೊಸಬ. "ಬಾಯಿ ಸುಳ್ಳು ಹೇಳ್ತದೆ ಪೋಟ್ಟಿ, ಹಿಮ್ಮಡಿ ಹೇಳುವುದಿಲ್ಲ," ಎನ್ನುತ್ತಿದ್ದರು. ಎಪ್ಪತ್ತು ದಾಟಿದ ಮುದುಕರ ಕಾಲುಗಳು ಆ ಕೂಗಿಗೆ ತಾವಾಗಿ ಜೋಡಿಯಾಗುವುದನ್ನು ನಾನು ನೂರಾರು ಸಲ ನೋಡಿದೆ. ಒಬ್ಬರ ಕೈಯಲ್ಲಿದ್ದ ಬಾಳೆಹಣ್ಣಿನ ಚೀಲ ಬಿದ್ದು ಹಣ್ಣು ಉರುಳಿದರೂ ಅವರು ಅಲುಗಲಿಲ್ಲ.

ಮೋಸ ಮಾಡಲು ಬಂದವರೂ ಇದ್ದರು. ಒಬ್ಬ ಅಚ್ಚುಕಟ್ಟಾಗಿ ನಿಂತ, ಸೆಲ್ಯೂಟ್ ಹೊಡೆದ. "ಮಾರ್ಚ್" ಎಂದಾಗ ಎಡಗಾಲಿನ ಬದಲು ಬಲಗಾಲು ಮುಂದಿಟ್ಟ. ಸುಬೇದಾರರು ತಣ್ಣಗೆ ಕೇಳಿದರು, "ಯಾವ ಕಂಪನಿ?" ಆತ ತಲೆ ಕೆರೆದುಕೊಂಡು, "ನಾಟಕ ಕಂಪನಿ ಸಾರೇ, ಪೊಲೀಸ್ ಪಾತ್ರ," ಎಂದ. ಅವನಿಗೆ ಚಹಾ ಕುಡಿಸಿ ಕಳಿಸಿದರು. ಇಂಥ ಪ್ರಕರಣಗಳಿಂದ ಆ ವಿಧಾನದ ಮೇಲೆ ನಮಗೆ ನಂಬಿಕೆ ಬೆಳೆಯಿತು. ಒಬ್ಬರಿಗೆ ಒಂದೇ ಸಲ ಪರೀಕ್ಷೆ ಎಂಬ ನಿಯಮವೂ ಇತ್ತು. ಹೊರಗೆ ಹೋಗಿ ಕಲಿತು ಬಂದರೆ?

1969ರ ಜೂನ್ ತಿಂಗಳ ಒಂದು ಮಂಗಳವಾರ ಗೋವಿಂದನ್ ಎಂಬ ಅರುವತ್ತು ದಾಟಿದವರು ಬಂದರು. ಜತೆಗೆ ಮೊಮ್ಮಗಳು ವಿಲಾಸಿನಿ, ಹದಿನೆಂಟರ ಹುಡುಗಿ. ವಿಳಿಂಜಂನಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ಇಬ್ಬರಿಗೂ ಒಂದೇ ಕೊಡೆ, ಇಬ್ಬರ ಒಂದೊಂದು ಭುಜ ಒದ್ದೆ. ಹುಡುಗಿಗೆ ನರ್ಸಿಂಗ್ ಶಾಲೆಯಲ್ಲಿ ಸೈನಿಕ ಕುಟುಂಬದ ಸೀಟು ಸಿಗುವುದಿತ್ತು. ಬರುವ ವಾರದ ಶನಿವಾರದೊಳಗೆ ಅಜ್ಜನ ಸೇವೆಯ ಪತ್ರ ಕೊಡಬೇಕು. ಇಲ್ಲವಾದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಅಪ್ಪ ಅಮ್ಮ ಇಲ್ಲ, ಬೇರೆ ದಾರಿ ಇಲ್ಲ ಎಂದು ಅವಳು ಗಟ್ಟಿ ದನಿಯಲ್ಲಿ ಒಂದೇ ಉಸಿರಿಗೆ ಹೇಳಿದಳು. ಮನೆಯ ಕಾಗದ ಮಳೆಗೆ ಹೋಗಿತ್ತು.

"ಪದಾತಿಯೋ?" ಸುಬೇದಾರರು ಕಡತದಿಂದ ತಲೆ ಎತ್ತದೆ ಕೇಳಿದರು.

"ಹೌದು ಸಾರ್."

"ಕುದುರೆ ಪಡೆಯಲ್ಲೂ ಇದ್ದೆಯೋ?"

"ಹೌದು ಸಾರ್."

"ಬ್ಯಾಂಡಿನಲ್ಲಿ ಕೊಳಲೂ ಊದಿದ್ದೀಯೋ ಏನೋ!"

"ಹೌದು ಸಾರ್."

ನನಗೆ ನಗು ಬಂತು. ವಿಲಾಸಿನಿ ಬಾಯಿ ತೆರೆದಳು. ಮುದುಕ ಕೈ ಸ್ವಲ್ಪ ಎತ್ತಿದರು, ಅವಳು ಸುಮ್ಮನಾದಳು. ಅವರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆವು. ಸುಬೇದಾರರು ಇಂಗ್ಲಿಷಿನಲ್ಲಿ ಕೂಗಿದರು. ಮುದುಕ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತ ನಿಂತೇ ಇದ್ದರು. ಹಿಂದಿಯಲ್ಲಿ ಕೂಗಿದರು. ಅದಕ್ಕೂ ಕದಲಲಿಲ್ಲ. ನಾನು ಕೆಂಪು ಪೆನ್ಸಿಲು ತೆಗೆದು ಇಂಟು ಹಾಕಿದೆ. ಡೈರಿಯಲ್ಲಿ ಬರೆದದ್ದು: 'ಗೋವಿಂದನ್. ಎಲ್ಲದಕ್ಕೂ ಹೌದು ಎನ್ನುತ್ತಾರೆ. ಹಿಮ್ಮಡಿ ಕೂಡಲಿಲ್ಲ. 11.20.'

ಹೊರಡುವಾಗ ವಿಲಾಸಿನಿ ನನ್ನ ಮೇಜಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು. "ಸಾರೇ, ಇನ್ನೊಂದು ಸಲ... ಮುಂದೆ ನಿಂತು ಕೇಳ್ತೀರಾ?"

"ಒಬ್ಬರಿಗೆ ಒಂದೇ ಸಲ," ಎಂದೆ. ದನಿ ಒರಟಾಗಿರಲಿಲ್ಲ ಎಂದು ಆಗ ಅಂದುಕೊಂಡಿದ್ದೆ.

ಶುಕ್ರವಾರ ಪಟ್ಟಿ ಮೇಲಿನ ಕಚೇರಿಗೆ ಹೋಯಿತು.

ಆ ಭಾನುವಾರ ಮಳೆ ಬಿಟ್ಟಿತ್ತು. ಶಾರದೆಯನ್ನೂ ನಾಲ್ಕು ವರ್ಷದ ಮಗಳನ್ನೂ ಕರೆದುಕೊಂಡು ಸಮುದ್ರ ನೋಡಲು ವಿಳಿಂಜಂಗೆ ಹೋದೆ. ಅಲ್ಲಿ ಮೀನುಗಾರಿಕೆ ಬಂದರಿಗೆ ಬಂಡೆ ಒಡೆಯುವ ಕೆಲಸ ನಡೆಯುತ್ತಿತ್ತು. ಸ್ಫೋಟದ ಮೊದಲು ಕೆಂಪು ಬಾವುಟ ಹಿಡಿದವನೊಬ್ಬ ರಸ್ತೆಗೆ ಅಡ್ಡ ನಿಂತು ಜನರನ್ನು ತಡೆಯುತ್ತಿದ್ದ. ಎಲ್ಲರೂ ಕಿವಿ ಮುಚ್ಚಿ ಕುಕ್ಕರುಗಾಲಲ್ಲಿ ಕೂತೆವು. ಬಾವುಟದವನು ಮಾತ್ರ ಕೂರಲಿಲ್ಲ, ಕಿವಿ ಮುಚ್ಚಲಿಲ್ಲ. ಎಡ ಭುಜವನ್ನು ಬಂಡೆಯ ಕಡೆಯಿಂದ ತಿರುಗಿಸಿ, ತುದಿಗಾಲಲ್ಲಿ ಎದ್ದು, ಬಾಯಿ ಅಗಲ ತೆರೆದು ನಿಂತ.

"ಅದೆಂತ ಮಾರಾಯ್ರೆ, ಆ ಅಜ್ಜ ಬಾಯಿ ತೆರೆದು ನಿಂತದ್ದು?" ಶಾರದೆ ಕೇಳಿದಳು.

"ಅಪ್ಪೂಪ್ಪನ್ ಪಾಡುನ್ನು," ಎಂದಳು ಮಗಳು. ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲೇ ಉತ್ತರ ಕೊಡುವ ಪ್ರಾಯ.

"ಹಾಡುವುದಲ್ಲ ಪುಟ್ಟಿ, ಹಾಡಿದ್ರೆ ಕೇಳ್ಬೇಡ್ವಾ?"

ನನಗೆ ಗೊತ್ತಿತ್ತು, ಅದು ಹಾಡಲ್ಲ. ತೋಪಿನ ಪಕ್ಕ ನಿಲ್ಲುವವರು ಬಾಯಿ ತೆರೆಯುತ್ತಾರೆ, ಇಲ್ಲದಿದ್ದರೆ ಸದ್ದಿನ ಪೆಟ್ಟಿಗೆ ಕಿವಿಯ ತಮಟೆ ಹರಿಯುತ್ತದೆ ಎಂದು ಕೊಚ್ಚಿಯಲ್ಲಿ ಪೌಲೋಸ್ ಸಾರ್ ಹೇಳಿದ್ದರು. ಸ್ಫೋಟವಾಯಿತು. ಧೂಳು ಇಳಿದ ಮೇಲೆ ಬಾವುಟದವನ ಮುಖ ಕಂಡಿತು. ಗೋವಿಂದನ್. ಹಿಂದಿನಿಂದ ಹೋಗಿ ಹೆಸರು ಹಿಡಿದು ಕರೆದೆ. ಮತ್ತೆ ಕರೆದೆ. ಮೂರನೆಯ ಸಲ ಭುಜ ಮುಟ್ಟಿದೆ. ತಿರುಗಿ ನನ್ನನ್ನು ಕಂಡು ಸೆಟೆದು ನಿಂತು ಸೆಲ್ಯೂಟ್ ಹೊಡೆದರು. ಹಿಮ್ಮಡಿಗಳು ಕೂಡಿದ್ದವು.

ಅವರ ಮನೆ ಹತ್ತಿರದಲ್ಲೇ ಇತ್ತು. ಶಾರದೆ ಮಗಳೊಂದಿಗೆ ಅಂಗಳದಲ್ಲಿ ಕೂತಳು. ವಿಲಾಸಿನಿ ಅಜ್ಜನಿಗೆ ಬೆನ್ನು ಹಾಕಿ ನನ್ನೊಂದಿಗೆ ಮಾತಾಡಿದಳು, ತುಟಿ ಅವರಿಗೆ ಕಾಣಬಾರದೆಂದು.

"ರಾಜರ ಪಡೆಯಲ್ಲಿ ಕುಶಾಲುತೋಪು ಹಾರಿಸ್ತಿದ್ದವರು ಸಾರೇ. ತೋಪು ಸಿಡಿಸುವ ಹಗ್ಗ ಎಳೀತಿದ್ದರು. ಸೇವೆಯಲ್ಲಿರುವಾಗಲೇ ಕಿವಿ ಹೋಯಿತು."

"ಹಾಗೆಂದು ಹೇಳಬಹುದಿತ್ತಲ್ಲ?"

"ಕಿವಿ ಹೋದವನನ್ನು ಅನ್‌ಫಿಟ್ ಅಂತ ಬರೆದು ಮನೆಗೆ ಕಳಿಸ್ತಿದ್ದರಂತೆ. ಹಾಗಾಗಿ ಅಜ್ಜ ಯಾರಿಗೂ ಹೇಳಲಿಲ್ಲ. ಡಾಕ್ಟರ್ ಬಂದರೆ ಪಕ್ಕದವರು ಬೆನ್ನಿಗೆ ತಟ್ತಿದ್ದರಂತೆ, ಆಗ ಹೌದು ಸಾರ್ ಅನ್ನೋದು. ಈಗಲೂ ಹಾಗೇ. 'ಸೈನ್ಯದ ಆಫೀಸಿನಲ್ಲಿ ಬಾಯಿ ಬಿಟ್ಟರೆ ಅನ್‌ಫಿಟ್ ಅಂತ ಬರೀತಾರೆ, ಆಗ ನಿನ್ನ ಸೀಟು ಹೋಗ್ತದೆ ಮೋಳೆ' ಅಂತ ತನ್ನ ತಲೆ ಮೇಲೆ ನನ್ನ ಕೈ ಇಡಿಸಿ ಆಣೆ ಮಾಡಿಸಿದ್ದರು." ಅವಳು ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. "ನನ್ನ ಸೀಟು ಉಳಿಸ್ಲಿಕ್ಕೆ ಅಂತಲೇ ನನ್ನ ಸೀಟು ಕಳೆದರು."

ಹಿಂದೆ ಮುದುಕ ನಮ್ಮಿಬ್ಬರನ್ನೂ ನೋಡಿ ನಗುತ್ತ, "ಹೌದು ಸಾರ್," ಎಂದರು.

ಸೋಮವಾರ ಬೆಳಿಗ್ಗೆ ಸುಬೇದಾರರ ಮುಂದೆ ನಿಂತು ಕಂಡದ್ದನ್ನೆಲ್ಲ ಹೇಳಿದೆ. ಪಟ್ಟಿ ಹೋಗಿಯಾಗಿದೆ, ನಿಯಮ ನಿಯಮ ಎಂದರು. ತಮ್ಮ ಕೂಗಿಗೆ ಕದಲದ ಸಿಪಾಯಿ ಈ ಸಂಸ್ಥಾನದಲ್ಲಿ ಹುಟ್ಟಿಲ್ಲ ಎಂದರು. ನಾನು ವಾದಿಸಲಿಲ್ಲ. ಒಂದೇ ಪ್ರಶ್ನೆ ಕೇಳಿದೆ.

"ಸಾರ್, ನಿಮ್ಮ ಪದಾತಿಯವರಿಗೆ ಆಜ್ಞೆ ಕೂಗಿ ಹೇಳುತ್ತಿದ್ದರು. ತೋಪಿನವರಿಗೆ ಹೇಗೆ ಹೇಳುತ್ತಿದ್ದರು?"

ಅವರು ಉತ್ತರ ಕೊಡಲು ಬಾಯಿ ತೆರೆದರು. ಬಲಗೈ ತಾನಾಗಿ ಮೇಲೆದ್ದು ಕೆಳಗಿಳಿಯಿತು. ಆ ಕೈಯನ್ನು ಅವರೇ ನೋಡಿಕೊಂಡರು.

"ಬಾವುಟದಿಂದ," ಎಂದರು. ಎದುರಿನ ಕಡತ ಮುಚ್ಚಿ, "ಆ ಗದ್ದಲದಲ್ಲಿ ಕೂಗಿದರೆ ಯಾರಿಗೆ ಕೇಳ್ತದೆ ಪೋಟ್ಟಿ? ನಾಳೆ ಕರೆಸು," ಎಂದರು.

ಮಂಗಳವಾರ ಗೋವಿಂದನ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಈ ಸಲ ಗೋಡೆಗೆ ಮುಖ ಮಾಡಿಸಲಿಲ್ಲ. ಅಂಗಳದಲ್ಲಿ ನಿಲ್ಲಿಸಿದೆವು. ಸುಬೇದಾರರು ಕಡತ ಕಟ್ಟುವ ಕೆಂಪು ಬಟ್ಟೆಯೊಂದನ್ನು ಬಿಚ್ಚಿ ಕೈಯಲ್ಲಿ ಹಿಡಿದು, ಇಪ್ಪತ್ತು ಹೆಜ್ಜೆ ದೂರ ಹೋಗಿ ಅವರ ಎದುರು ನಿಂತು ಕೈ ಎತ್ತಿದರು.

ಮುದುಕನ ಮುಖದ ನಗು ಹೋಯಿತು. ಎಡಗಾಲು ಹಿಂದೆ ಸರಿಯಿತು, ಬಲಗೈ ಇಲ್ಲದ ಹಗ್ಗವನ್ನು ಬಿಗಿಯಾಗಿ ಹಿಡಿಯಿತು. ಕೆಂಪು ಬಟ್ಟೆ ಕೆಳಗಿಳಿದದ್ದೇ ತಡ, ಹಗ್ಗ ಎಳೆದು, ಭುಜ ತಿರುಗಿಸಿ, ತುದಿಗಾಲಲ್ಲಿ ಎದ್ದು ಬಾಯಿ ತೆರೆದರು. ಆಮೇಲೆ ಸ್ವಸ್ಥಾನಕ್ಕೆ ಬಂದು ಮುಂದಿನ ತೋಪಿಗೆ ತುಟಿಯಲ್ಲೇ ಎಣಿಸತೊಡಗಿದರು. ಎಣಿಕೆ ಮುಗಿದಾಗ ಸುಬೇದಾರರತ್ತ ನೋಡಿದರು. ಸುಬೇದಾರರು ಪರೀಕ್ಷೆ ಮುಗಿಯಿತೆಂದು ಬಟ್ಟೆ ಮಡಚುತ್ತಿದ್ದರು. ಮುದುಕ ಹಗ್ಗ ಹಿಡಿದು ಕಾಯುತ್ತಲೇ ಇದ್ದರು.

"ಸಾಕು ಗೋವಿಂದಾ," ಎಂದರು ಸುಬೇದಾರರು, ಕೇಳುವುದಿಲ್ಲವೆಂಬುದು ನೆನಪಿಲ್ಲದೆ.

ವಿಲಾಸಿನಿ ಮೆಲ್ಲಗೆ ಹೇಳಿದಳು, "ಸಾರೇ, ಅರ್ಧಕ್ಕೆ ನಿಲ್ಲಿಸಿದರೆ ರಾಜರಿಗೆ ಅವಮಾನ ಅಲ್ಲವಾ? ಅವರು ನಿಲ್ಲಿಸುವುದಿಲ್ಲ."

ರಾಜರಿಗೆ ಹತ್ತೊಂಬತ್ತು ತೋಪಿನ ಮರ್ಯಾದೆ. ಸುಬೇದಾರರು ಬಟ್ಟೆ ಬಿಡಿಸಿ ಮತ್ತೆ ಕೈ ಎತ್ತಿದರು. ಎರಡು. ಮೂರು. ಕಚೇರಿಯವರು ಒಬ್ಬೊಬ್ಬರಾಗಿ ವರಾಂಡಕ್ಕೆ ಬಂದರು. ನಾನು ಅಂಗಳದಲ್ಲೇ ನಿಂತು, ಅಭ್ಯಾಸಬಲದಿಂದ ಗಡಿಯಾರ ನೋಡುತ್ತ, ಡೈರಿಯಲ್ಲಿ ಹಿಂದಿನ ಮಂಗಳವಾರದ ಇಂಟಿನ ಪಕ್ಕ ಪೆನ್ನಿನಿಂದ ಒಂದೊಂದು ಗೀಟು ಎಳೆದೆ. ಎರಡು ಎಳೆತಗಳ ನಡುವಿನ ಹೊತ್ತು ಒಮ್ಮೆಯೂ ಹೆಚ್ಚು ಕಡಿಮೆಯಾಗಲಿಲ್ಲ. ಹನ್ನೆರಡರ ನಂತರ ಸುಬೇದಾರರ ತೋಳು ಸೋಲತೊಡಗಿತು. ಕೈ ಬದಲಿಸಲಿಲ್ಲ. ಸಣ್ಣ ಮಳೆ ಹನಿಯಿತು, ಇಬ್ಬರೂ ಜಾಗ ಬಿಡಲಿಲ್ಲ. ಹತ್ತೊಂಬತ್ತಾದ ಮೇಲೆ ಗೋವಿಂದನ್ ಹಗ್ಗ ನೆಲಕ್ಕೆ ಬಿಟ್ಟು, ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಹೊಡೆದರು. ನಿವೃತ್ತ ಸುಬೇದಾರರೊಬ್ಬರು ಸಿಪಾಯಿಗೆ ಅಷ್ಟು ಹೊತ್ತು ಸೆಲ್ಯೂಟ್ ಹಿಡಿದದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಸುಬೇದಾರರು ಒಳಗೆ ಬಂದು ಮೇಲಿನ ಕಚೇರಿಗೆ ತಾವೇ ಪತ್ರ ಬರೆದರು. ಎರಡು ಸಾಲು: 'ಈ ಸೈನಿಕನ ಬಗ್ಗೆ ಕಳಿಸಿದ ವರದಿ ತಪ್ಪು. ತಪ್ಪು ಪರೀಕ್ಷಿಸಿದವನದು.' ಅದನ್ನು ನಾನೇ ಒಯ್ದು ಕೊಟ್ಟೆ. ಗುರುವಾರ ಒಪ್ಪಿಗೆ ಬಂದು ಸೇವೆಯ ಪತ್ರ ತುಂಬಿಸುವಾಗ 'ಅಂಗವೈಕಲ್ಯ' ಎಂಬ ಕಾಲಂ ಬಂತು. ಒಂದೂ ಕಾಲಂ ಖಾಲಿ ಬಿಡದವನು ನಾನು. ಪೆನ್ನು ಅಲ್ಲಿಗೆ ಬಂದಾಗ ಮುದುಕ ಮುಂದಕ್ಕೆ ಬಾಗಿದರು. ಕಿವಿ ಹೋದವರು ಪೆನ್ನಿನ ಚಲನೆಯನ್ನೂ ಓದುತ್ತಾರೆ. ಸುಬೇದಾರರತ್ತ ನೋಡಿದೆ. ಅವರು ಕಿಟಕಿಯ ಹೊರಗೆ ನೋಡಿದರು. ನಾನು ಆ ಕಾಲಂ ದಾಟಿ ಸಹಿಯ ಜಾಗಕ್ಕೆ ಹೋದೆ. ಗೋವಿಂದನ್ ಹಿಂದಕ್ಕೆ ಒರಗಿ ಉಸಿರು ಬಿಟ್ಟರು.

ಶುಕ್ರವಾರ, ಒಂದು ದಿನ ಮೊದಲೇ, ವಿಲಾಸಿನಿ ಪತ್ರ ಕೊಟ್ಟು ಸೀಟು ಹಿಡಿದಳು.

ಅದರ ನಂತರ ನಮ್ಮ ವಿಧಾನ ಬದಲಾಯಿತು. ಅರ್ಜಿದಾರನ ಎದುರಿಗೆ ನಿಂತು, ಮುಖ ನೋಡಿ ಮಾತಾಡತೊಡಗಿದೆವು; ಎಪ್ಪತ್ತರ ದಶಕದಲ್ಲಿ ಫೋಟೋ ಅಂಟಿಸಿದ ಕಾರ್ಡುಗಳು ಬಂದವು, ಕೂಗುವ ಅಗತ್ಯವೇ ಉಳಿಯಲಿಲ್ಲ. ಆದರೆ ಆ ವಾರ ನಾನು ಇನ್ನೊಂದು ಕೆಲಸ ಮಾಡಿದೆ. ಹಿಂದಿನ ಎರಡು ವರ್ಷದ ಡೈರಿ ತೆರೆದು 'ಹಿಮ್ಮಡಿ ಕೂಡಲಿಲ್ಲ' ಎಂದು ಬರೆದ ಹೆಸರುಗಳನ್ನೆಲ್ಲ ಆರಿಸಿದೆ. ಇಪ್ಪತ್ತಮೂರು ಇದ್ದವು. ಸುಬೇದಾರರೂ ನಾನೂ ರಜಾದಿನಗಳಲ್ಲಿ ಬಸ್ಸು ಹತ್ತಿ ಒಬ್ಬೊಬ್ಬರನ್ನೇ ಹುಡುಕಿದೆವು. ಹನ್ನೆರಡು ಮಂದಿ ಸೈನಿಕರೇ ಅಲ್ಲ. ಆರು ಮಂದಿ ಸೈನಿಕರು. ಇಬ್ಬರು ಕಿವುಡರು, ಒಬ್ಬ ಅಡುಗೆಯವ, ಉಳಿದವರು ಹೆದರಿ ನಿಂತವರು. ಮೂವರು ಅಷ್ಟರಲ್ಲಿ ತೀರಿಕೊಂಡಿದ್ದರು. ಇಬ್ಬರ ಮನೆ ಸಿಗಲಿಲ್ಲ.

ಹುಡುಕಿ ಮುಗಿಸಿದ ದಿನ ಬಸ್ ನಿಲ್ದಾಣದಲ್ಲಿ ಸುಬೇದಾರರು ಕೇಳಿದರು, "ಎಷ್ಟಾಯಿತು ಪೋಟ್ಟಿ?"

"ಇಪ್ಪತ್ತೊಂದು ಸಾರ್."

"ಇನ್ನೂ ಎರಡು ಬಾಕಿ ಇದೆ," ಎಂದರು. "ಅರ್ಧಕ್ಕೆ ನಿಲ್ಲಿಸಬಾರದಲ್ಲ."

ಸುಬೇದಾರರು ತೀರಿಹೋಗಿ ಬಹಳ ವರ್ಷಗಳಾದವು. ಆ ಎರಡು ಹೆಸರುಗಳು ನನ್ನಲ್ಲಿವೆ. ಗೋವಿಂದನ್ ಅವರ ಕೆಂಪು ಇಂಟನ್ನು ನಾನು ಅಳಿಸಿಲ್ಲ. ಪಕ್ಕದ ಗೀಟುಗಳಲ್ಲಿ ಹನ್ನೆರಡರ ನಂತರದವು ಮಳೆ ಹನಿ ಬಿದ್ದು ಸ್ವಲ್ಪ ಕದಡಿವೆ, ಆದರೂ ಎಣಿಸಬಹುದು.